ರಿಜೆಕ್ಟ್ ಆದ ಎರಕವನ್ನು ಮೊದಲು ಒಡೆದು ನೋಡಿ: ಬೆಳಗಾವಿಯ ಸಣ್ಣ ಫೌಂಡ್ರಿಗಳಿಗೆ ಒಂದು ಮಾರ್ಗದರ್ಶಿ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಭಾಗಗಳ ಫೌಂಡ್ರಿಗಳಲ್ಲಿ ಪಂಪಿನ ಕವಚ, ಹೈಡ್ರಾಲಿಕ್ ವಾಲ್ವಿನ ಬಾಡಿ, ಮೋಟಾರಿನ ಫ್ರೇಮ್, ವಾಹನಗಳ ಬಿಡಿಭಾಗ ಹೀಗೆ ನಾನಾ ಬಗೆಯ ಎರಕಗಳು ತಯಾರಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ಗ್ರೇ ಐರನ್‌ನವು (ಗ್ರಾಫೈಟ್ ಪದರಗಳಾಗಿರುವ ಎರಕದ ಕಬ್ಬಿಣ), ಒಂದಿಷ್ಟು ಎಸ್.ಜಿ. ಐರನ್‌ನವು (ಗ್ರಾಫೈಟ್ ಗುಂಡಾಗಿರುವ ಕಬ್ಬಿಣ). ಇಂಥ ಫೌಂಡ್ರಿಗೆ ಹೊಸದಾಗಿ ಸೇರಿದ ಡಿಪ್ಲೊಮಾ ಎಂಜಿನಿಯರುಗಳನ್ನೂ, ಮೋಲ್ಡಿಂಗ್ ಕೆಲಸದಿಂದ ಮೇಲೇರಿ ಸೂಪರ್‌ವೈಸರ್ ಆದವರನ್ನೂ, ಎರಕವನ್ನು ಕೊಂಡು ಮಷಿನಿಂಗ್ ಮಾಡುವ ಸಣ್ಣ ಕಾರ್ಖಾನೆಯವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯಲಾಗಿದೆ.

ಎರಕದಲ್ಲಿ ತೂತು ಕಂಡೊಡನೆ ಕಬ್ಬಿಣ ಸರಿಯಿಲ್ಲ ಎನ್ನುವುದು ನಮ್ಮಲ್ಲಿ ರೂಢಿಯಾಗಿದೆ. ತೂತು ಯಾವ ಜಾತಿಯದು ಎಂಬುದನ್ನು ತಿಳಿಯದೆ ಒಬ್ಬರು ರೈಸರ್ (ಎರಕ ಗಟ್ಟಿಯಾಗುವಾಗ ದ್ರವ ಲೋಹ ಪೂರೈಸುವ ಹೆಚ್ಚುವರಿ ಕುಳಿ) ದೊಡ್ಡದು ಮಾಡುತ್ತಾರೆ, ಇನ್ನೊಬ್ಬರು ಉಷ್ಣತೆ ಏರಿಸುತ್ತಾರೆ, ಮತ್ತೊಬ್ಬರು ಉಸುಕಿಗೆ ಬೆಂಟೋನೈಟ್ ಜೇಡಿಮಣ್ಣು ಸುರಿಯುತ್ತಾರೆ. ಮೂರನ್ನೂ ಒಂದೇ ದಿನ ಮಾಡಿದರೆ ದೋಷ ಕಡಿಮೆಯಾದರೂ ಕಾರಣ ತಿಳಿಯುವುದಿಲ್ಲ, ಹೆಚ್ಚಾದರೂ ತಿಳಿಯುವುದಿಲ್ಲ. ನನ್ನ ತಿಳಿವಳಿಕೆಯಂತೆ ಗ್ರೀನ್ ಸ್ಯಾಂಡ್ (ಜೇಡಿ ಬೆರೆಸಿದ ಹಸಿ ಉಸುಕಿನ ಅಚ್ಚು) ಫೌಂಡ್ರಿಯಲ್ಲಿ ಹುಡುಕಾಟವನ್ನು ಉಸುಕು ಮತ್ತು ತೇವದಿಂದ ಆರಂಭಿಸುವುದೇ ಲಾಭದಾಯಕ. ಮುಂಗಾರು ಹಿಡಿದ ಬೆಳಗಾವಿಯಲ್ಲಂತೂ ಇದು ಇನ್ನಷ್ಟು ನಿಜ.

ಯಾವ ಕೆಲಸಕ್ಕೆ ಯಾವ ವಿಧಾನ

ಸಣ್ಣ ಮತ್ತು ಮಧ್ಯಮ ಗಾತ್ರದ ಕಬ್ಬಿಣದ ಎರಕಗಳಿಗೆ ಗ್ರೀನ್ ಸ್ಯಾಂಡ್ ವಿಧಾನವೇ ಅಗ್ಗ ಮತ್ತು ವೇಗದ್ದು. ಸಿಲಿಕಾ ಉಸುಕು, ಬೆಂಟೋನೈಟ್, ಕಲ್ಲಿದ್ದಲ ಪುಡಿ ಮತ್ತು ನೀರು ಇಷ್ಟೇ ಇದರ ಸಾಮಗ್ರಿ, ಮತ್ತು ಅದೇ ಉಸುಕು ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಸಂಖ್ಯೆ ಕಡಿಮೆಯಿದ್ದು ತೂಕ ಹೆಚ್ಚಿರುವ ಎರಕಗಳಿಗೆ ರಾಳ ಬೆರೆಸಿ ಬೇಯಿಸದೆಯೇ ಗಟ್ಟಿಯಾಗುವ ನೋ-ಬೇಕ್ ಉಸುಕು ಅಥವಾ ಸೋಡಿಯಂ ಸಿಲಿಕೇಟ್ ಬೆರೆಸಿ ಕಾರ್ಬನ್ ಡೈಆಕ್ಸೈಡ್ ಹಾಯಿಸುವ ವಿಧಾನ ಅನುಕೂಲ. ನುಣುಪು ಮೇಲ್ಮೈ ಮತ್ತು ಬಿಗಿ ಅಳತೆ ಬೇಕಾದಲ್ಲಿ ಬಿಸಿ ಪ್ಯಾಟರ್ನ್ (ಅಚ್ಚಿಗೆ ಆಕಾರ ಕೊಡುವ ಮಾದರಿ) ಮೇಲೆ ರಾಳ ಲೇಪಿತ ಉಸುಕನ್ನು ಬೇಯಿಸುವ ಶೆಲ್ ಮೋಲ್ಡಿಂಗ್ ಇದೆ, ಇನ್ನೂ ಸೂಕ್ಷ್ಮ ಕೆಲಸಕ್ಕೆ ಮೇಣದ ಪ್ರತಿಕೃತಿಯಿಂದ ಮಾಡುವ ಇನ್ವೆಸ್ಟ್‌ಮೆಂಟ್ ಎರಕವಿದೆ. ಅಲ್ಯೂಮಿನಿಯಂ ಬಿಡಿಭಾಗಗಳನ್ನು ಸಾವಿರಗಟ್ಟಲೆ ಮಾಡುವುದಿದ್ದರೆ ಲೋಹದ ಡೈಗೆ ಖರ್ಚು ಮಾಡಬಹುದು. ಬುಶ್, ಲೈನರ್, ಪೈಪುಗಳಂಥ ಉರುಟು ವಸ್ತುಗಳಿಗೆ ತಿರುಗುವ ಅಚ್ಚಿನ ಸೆಂಟ್ರಿಫ್ಯೂಗಲ್ ವಿಧಾನವೇ ಸರಿ. ಈ ಲೇಖನದ ಉಳಿದ ಭಾಗ ಮುಖ್ಯವಾಗಿ ಗ್ರೀನ್ ಸ್ಯಾಂಡಿನಲ್ಲಿ ಕಬ್ಬಿಣ ಹೊಯ್ಯುವವರಿಗೆ ಸಂಬಂಧಿಸಿದ್ದು.

ಡ್ರಾಯಿಂಗ್ ಮತ್ತು ಪ್ಯಾಟರ್ನ್

ಗ್ರಾಹಕರ ಡ್ರಾಯಿಂಗ್ ಕೈಗೆ ಬಂದಾಗ ಬೆಲೆ ಲೆಕ್ಕ ಹಾಕುವ ಮುನ್ನ ದಪ್ಪ ಮತ್ತು ತೆಳು ಭಾಗಗಳು ಎಲ್ಲಿ ಕೂಡುತ್ತವೆ ಎಂಬುದನ್ನು ಗುರುತಿಸಿಕೊಳ್ಳಬೇಕು. 8 ಮಿ.ಮೀ. ಗೋಡೆಗೆ 40 ಮಿ.ಮೀ. ದಪ್ಪದ ಬಾಸ್ (ಉಬ್ಬಿದ ಭಾಗ) ಅಂಟಿಕೊಂಡಿದ್ದರೆ ಆ ಬಾಸ್ ಕೊನೆಯಲ್ಲಿ ಗಟ್ಟಿಯಾಗುತ್ತದೆ, ಮತ್ತು ಅಷ್ಟರೊಳಗೆ ಅದಕ್ಕೆ ದ್ರವ ಲೋಹ ತಲುಪಿಸುವ ದಾರಿ ಮುಚ್ಚಿಹೋಗಿರುತ್ತದೆ. ಚೂಪಾದ ಒಳಮೂಲೆಗಳಿಗೆ ಫಿಲೆಟ್ (ದುಂಡಗಿನ ತಿರುವು) ಕೇಳುವುದು, ಅನಗತ್ಯವಾಗಿ ದಪ್ಪವಿರುವ ಬಾಸ್‌ನಲ್ಲಿ ಕೋರ್ (ಟೊಳ್ಳು ಮೂಡಿಸುವ ಉಸುಕಿನ ತುಂಡು) ಇಡಲು ಒಪ್ಪಿಗೆ ಪಡೆಯುವುದು ಈ ಹಂತದಲ್ಲೇ ಆಗಬೇಕು. ಆರ್ಡರ್ ಕೈತಪ್ಪೀತೆಂಬ ಅಂಜಿಕೆಯಿಂದ ಈ ಮಾತನ್ನು ಆಡದೆ ಉಳಿದರೆ ಮುಂದೆ ಪ್ರತಿ ಹೀಟಿನಲ್ಲೂ (ಒಂದು ಸಲ ಕರಗಿಸಿ ಹೊಯ್ಯುವ ಸುತ್ತು) ಅದಕ್ಕೆ ದಂಡ ತೆರಬೇಕಾಗುತ್ತದೆ.

ಪ್ಯಾಟರ್ನ್‌ಗೆ ಕುಗ್ಗುವಿಕೆಯ ಅಳತೆಯನ್ನು ಸೇರಿಸುವಾಗ ಗ್ರೇ ಐರನ್‌ಗೆ ಮೀಟರಿಗೆ ಸುಮಾರು 10 ಮಿ.ಮೀ., ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಸುಮಾರು 13 ಮಿ.ಮೀ., ಉಕ್ಕಿಗೆ ಸುಮಾರು 20 ಮಿ.ಮೀ. ಹಿಡಿಯುವುದು ವಾಡಿಕೆ. ನಿಂತ ಮುಖಗಳಿಗೆ ಒಂದೆರಡು ಡಿಗ್ರಿ ಇಳಿಜಾರು ಇರಬೇಕು, ಮಷಿನಿಂಗ್ ಆಗುವ ಮುಖಗಳಿಗೆ ಹೆಚ್ಚಿನ ಲೋಹ ಬಿಡಬೇಕು. ಮುಖ್ಯವಾದ ಮಷಿನಿಂಗ್ ಮುಖವನ್ನು ಸಾಧ್ಯವಾದಷ್ಟೂ ಅಚ್ಚಿನ ಕೆಳಗಿನ ಬಾಕ್ಸ್‌ನಲ್ಲಿ ಇಡಿ. ಸ್ಲ್ಯಾಗ್ (ಲೋಹದ ಮೇಲೆ ತೇಲುವ ಕಿಟ್ಟ), ಉಸುಕು, ಗಾಳಿ ಮೂರೂ ಮೇಲಕ್ಕೇ ಹೋಗುವುದರಿಂದ ಮೇಲಿನ ಬಾಕ್ಸ್‌ನ ಮುಖವೇ ಮೊದಲು ಕೆಡುತ್ತದೆ.

ಉಸುಕು

ಸಿಂಧುದುರ್ಗದ ಕಡೆಯ ಸಿಲಿಕಾ ಉಸುಕು ಮತ್ತು ಕಚ್ಛಿನ ಬೆಂಟೋನೈಟ್ ಎಷ್ಟೇ ಒಳ್ಳೆಯದಿರಲಿ, ಮಿಕ್ಸರ್‌ನಿಂದ ಹೊರಬಂದ ಉಸುಕು ಹೇಗಿದೆ ಎಂಬುದರ ಮೇಲೆಯೇ ಆ ದಿನದ ಎರಕ ನಿಂತಿರುತ್ತದೆ. ಕಬ್ಬಿಣದ ಸಾಮಾನ್ಯ ಎರಕಗಳಿಗೆ ಎ.ಎಫ್.ಎಸ್. (ಅಮೆರಿಕನ್ ಫೌಂಡ್ರಿ ಸೊಸೈಟಿ) ಪ್ರಮಾಣದಲ್ಲಿ 50ರಿಂದ 60ರ ನಡುವಿನ ಕಣದ ನುಣುಪು, ಶೇ. 3ರಿಂದ 4ರಷ್ಟು ತೇವ, ಶೇ. 40ರ ಆಸುಪಾಸಿನ ಕಾಂಪ್ಯಾಕ್ಟಬಿಲಿಟಿ (ಒತ್ತಿದಾಗ ಉಸುಕು ಎಷ್ಟು ಕುಗ್ಗುತ್ತದೆ ಎಂಬ ಅಳತೆ) ಹೆಚ್ಚಿನ ಫೌಂಡ್ರಿಗಳಿಗೆ ಹೊಂದುತ್ತವೆ. ಗಾಳಿ ಹಾಯುವ ಗುಣವನ್ನು ತಿಳಿಸುವ ಪರ್ಮಿಯಬಿಲಿಟಿ ಸಂಖ್ಯೆ 100ಕ್ಕಿಂತ ಕೆಳಗಿಳಿದರೆ ಎಚ್ಚರ ವಹಿಸಬೇಕು. ಈ ಸಂಖ್ಯೆಗಳನ್ನು ಗೋಡೆಗೆ ಅಂಟಿಸಿದರೆ ಸಾಲದು. ಪ್ರತಿ ಶಿಫ್ಟಿನಲ್ಲಿ ಕನಿಷ್ಠ ಎರಡು ಮೂರು ಸಲ ಅಳೆದು ಬರೆದಿಡಬೇಕು.

ತೇವವನ್ನು ಅಳೆಯುವ ಸಾಧನ ಇಲ್ಲದಿದ್ದರೂ ಒಂದು ತಕ್ಕಡಿ ಮತ್ತು ಒಲೆಯಿಂದ ಕೆಲಸ ಸಾಗುತ್ತದೆ. ಮಿಕ್ಸರ್‌ನಿಂದ ತೆಗೆದ 50 ಗ್ರಾಂ ಉಸುಕನ್ನು 105ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ಮತ್ತೆ ತೂಗಬೇಕು. 48.2 ಗ್ರಾಂ ಉಳಿದರೆ ಹೋದ ನೀರು 1.8 ಗ್ರಾಂ, ಅಂದರೆ ತೇವ ಶೇ. 3.6. ಇದರ ಜೊತೆಗೆ ಕೈಯ ಪರೀಕ್ಷೆಯನ್ನೂ ಬಿಡಬಾರದು. ಒಂದು ಹಿಡಿ ಉಸುಕನ್ನು ಗಟ್ಟಿಯಾಗಿ ಹಿಚುಕಿದಾಗ ಬೆರಳಿನ ಗುರುತು ಸ್ಪಷ್ಟವಾಗಿ ಮೂಡಬೇಕು, ಅಂಗೈಗೆ ಉಸುಕು ಮೆತ್ತಿಕೊಳ್ಳಬಾರದು, ಆ ಮುದ್ದೆಯನ್ನು ನಡುವೆ ಮುರಿದರೆ ಮುರಿದ ಅಂಚು ಉದುರದೆ ಚೂಪಾಗಿ ನಿಲ್ಲಬೇಕು. ಅಂಗೈ ಒದ್ದೆಯೆನಿಸಿದರೆ ನೀರು ಹೆಚ್ಚಾಗಿದೆ, ಅಂಚು ಪುಡಿಯಾಗಿ ಉದುರಿದರೆ ನೀರು ಇಲ್ಲವೇ ಜೀವಂತ (ಬಂಧಿಸುವ ಶಕ್ತಿಯುಳ್ಳ) ಜೇಡಿ ಕಡಿಮೆಯಾಗಿದೆ.

ಕಾದ ಲೋಹದ ಪಕ್ಕದ ಉಸುಕಿನಲ್ಲಿರುವ ಬೆಂಟೋನೈಟ್ ಸುಟ್ಟು ಬಂಧಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಆದರೆ ನೀರನ್ನು ಹೀರುವುದನ್ನು ಪೂರ್ತಿ ಬಿಡುವುದಿಲ್ಲ. ಹಳೆಯ ಉಸುಕನ್ನೇ ತಿಂಗಳುಗಟ್ಟಲೆ ತಿರುಗಿಸಿದಾಗ ಅದು ಸಡಿಲವೆನಿಸುತ್ತದೆ, ಮೋಲ್ಡರ್ ನೀರು ಸೇರಿಸುತ್ತಾನೆ, ಸ್ವಲ್ಪ ಹೊತ್ತು ಗಟ್ಟಿಯಾದಂತೆ ತೋರುತ್ತದೆ, ಸಂಜೆಗೆ ಬ್ಲೋ ಹೋಲ್ (ಅನಿಲದಿಂದಾದ ತೂತು) ಕಾಣಿಸುತ್ತವೆ. ಇಲ್ಲಿ ಬೇಕಾದದ್ದು ನೀರಲ್ಲ, ಹೊಸ ಉಸುಕು ಮತ್ತು ಹೊಸ ಬೆಂಟೋನೈಟ್, ಮತ್ತು ಮಿಕ್ಸರ್‌ನಲ್ಲಿ ಸಾಕಷ್ಟು ಸಮಯ. ಮಿಥಿಲೀನ್ ಬ್ಲೂ ಪರೀಕ್ಷೆಯಿಂದ ಉಸುಕಿನಲ್ಲಿ ಎಷ್ಟು ಜೇಡಿ ಇನ್ನೂ ಜೀವಂತವಾಗಿದೆ ಎಂಬುದು ತಿಳಿಯುತ್ತದೆ; ಸ್ವಂತ ಪ್ರಯೋಗಾಲಯ ಇಲ್ಲದವರು ವಾರಕ್ಕೊಮ್ಮೆಯಾದರೂ ಹೊರಗೆ ಕಳಿಸಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಗಾಳಿಯೇ ಒದ್ದೆಯಾಗಿರುತ್ತದೆ. ತಗಡಿನ ಶೆಡ್ಡಿನ ಬಾಗಿಲ ಬಳಿ ಸುರಿದ ಹೊಸ ಉಸುಕಿಗೆ ಇರಿಚಲು ಹೊಡೆಯುತ್ತದೆ, ಬಾಯಿ ತೆರೆದ ಬೆಂಟೋನೈಟ್ ಚೀಲ ಗಂಟುಗಟ್ಟುತ್ತದೆ, ಕಲ್ಲಿದ್ದಲ ಪುಡಿ ತೇವ ಹೀರುತ್ತದೆ. ಬೇಸಿಗೆಯಲ್ಲಿ ಒಂದು ಮಿಕ್ಸಿಗೆ ಎಷ್ಟು ನೀರು ಹಾಕುತ್ತಿದ್ದರೋ ಅಷ್ಟನ್ನೇ ಮಳೆಗಾಲದಲ್ಲೂ ಹಾಕುವವರು ಜುಲೈ ತಿಂಗಳ ರಿಜೆಕ್ಷನ್ ಏಕೆ ಏರಿತು ಎಂದು ಕೇಳುವಂತಿಲ್ಲ. ನೀರನ್ನು ಲೀಟರ್ ಲೆಕ್ಕದಿಂದ ಹಾಕದೆ ಕಾಂಪ್ಯಾಕ್ಟಬಿಲಿಟಿಯನ್ನು ಅಳೆದು ಹಾಕಬೇಕು. ಉಸುಕಿನ ರಾಶಿಯನ್ನು ನೆಲದಿಂದ ಎತ್ತರದ ಕಟ್ಟೆಯ ಮೇಲೆ, ಮೂರು ಕಡೆ ಗೋಡೆಯಿರುವ ಜಾಗದಲ್ಲಿ ಇಡಬೇಕು.

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ತೊಂದರೆ ತಿರುಗುಮುರುಗಾಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಒಣ ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಇದರ ಅನುಭವ ಹೆಚ್ಚಿರುತ್ತದೆ. ಮಿಕ್ಸರ್‌ನಿಂದ ಬಾಕ್ಸ್‌ಗೆ ಹೋಗುವಷ್ಟರಲ್ಲೇ ಉಸುಕು ಒಣಗುತ್ತದೆ, ಮೋಲ್ಡಿನ ಅಂಚುಗಳು ಉದುರುತ್ತವೆ, ಆ ಕಣಗಳು ಎರಕದೊಳಗೆ ಸೇರುತ್ತವೆ. ಹಿಂದಿರುಗಿದ ಉಸುಕು 45 ಡಿಗ್ರಿಗಿಂತ ಬಿಸಿಯಿರುವಾಗಲೇ ಬಳಸಿದರೆ ಪ್ಯಾಟರ್ನ್‌ಗೆ ಅಂಟುತ್ತದೆ, ತಣ್ಣನೆಯ ಕೋರ್‌ನ ಮೇಲೆ ಅದರ ಆವಿ ನೀರಾಗಿ ಕೂರುತ್ತದೆ. ಉಸುಕಿನ ಒಟ್ಟು ಪ್ರಮಾಣ ಕಡಿಮೆಯಿದ್ದು ಅದೇ ಉಸುಕು ದಿನಕ್ಕೆ ಹಲವು ಸುತ್ತು ತಿರುಗುವ ಕಡೆ ಇದು ನಿತ್ಯದ ಸಮಸ್ಯೆ.

ಕೋರ್, ವೆಂಟ್ ಮತ್ತು ಭಾರ

ಸೋಡಿಯಂ ಸಿಲಿಕೇಟ್‌ನ ಕೋರ್‌ಗಳು ತೇವದ ಗಾಳಿಯಲ್ಲಿ ಒಂದೆರಡು ದಿನ ಕುಳಿತರೆ ಮೆತ್ತಗಾಗುತ್ತವೆ. ಮಳೆಗಾಲದಲ್ಲಿ ಅವುಗಳನ್ನು ಅಂದಂದಿಗೆ ಬೇಕಾದಷ್ಟೇ ಮಾಡಿ, ಉಳಿದದ್ದನ್ನು ಬೆಚ್ಚಗಿನ ಕೋಣೆಯಲ್ಲಿ ಇಡಿ. ಶೆಲ್ ಕೋರ್‌ಗಳು ಇದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಯಾವುದೇ ಕೋರ್‌ಗೆ ಬಳಿದ ಲೇಪ ಮುಟ್ಟಿದಾಗ ಒಣಗಿದಂತೆ ಕಂಡರೂ ಒಳಗೆ ಹಸಿಯಿರಬಹುದು. ಕೋರ್‌ನಿಂದ ಹೊರಡುವ ಅನಿಲ ಕೋರ್ ಪ್ರಿಂಟ್‌ನ (ಅಚ್ಚಿನಲ್ಲಿ ಕೂರುವ ಕೋರ್‌ನ ತುದಿ) ಮೂಲಕ ಬಾಕ್ಸ್‌ನ ಹೊರಗೆ ಹೋಗಬೇಕು. ಪ್ರಿಂಟ್‌ನ ಸುತ್ತ ಸಂದಿ ಉಳಿದು ಲೋಹ ಅಲ್ಲಿಗೆ ಹರಿದು ವೆಂಟ್‌ನ (ಅನಿಲ ಹೊರಹೋಗುವ ರಂಧ್ರ) ಬಾಯಿ ಮುಚ್ಚಿದರೆ ಅನಿಲಕ್ಕೆ ಎರಕದೊಳಗೆ ನುಗ್ಗುವುದೊಂದೇ ದಾರಿ ಉಳಿಯುತ್ತದೆ.

ಚಾಪ್ಲೆಟ್ (ಕೋರ್‌ಗೆ ಆಸರೆಯಾಗುವ ಲೋಹದ ಚೂರು) ಮತ್ತು ಚಿಲ್‌ಗಳ (ದಪ್ಪ ಭಾಗವನ್ನು ಬೇಗ ತಣಿಸಲು ಅಚ್ಚಿನಲ್ಲಿಡುವ ಲೋಹದ ತುಂಡು) ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬೆಳಿಗ್ಗೆ ಕಟ್ಟಿದ ಮೋಲ್ಡ್‌ನಲ್ಲಿ ಸಂಜೆ ಹೊಯ್ಯುವುದಾದರೆ ಅಷ್ಟರೊಳಗೆ ತಣ್ಣನೆಯ ಚಿಲ್‌ನ ಮೇಲೆ ಇಬ್ಬನಿಯಂತೆ ನೀರು ಕೂತಿರುತ್ತದೆ. ಎರಕದಲ್ಲಿ ಚಿಲ್ ಇದ್ದ ಜಾಗಕ್ಕೆ ಸರಿಯಾಗಿ ಮಾತ್ರ ಗುಂಡು ತೂತುಗಳು ಕಂಡರೆ ಬೇರೆಲ್ಲೂ ಹುಡುಕಬೇಕಾಗಿಲ್ಲ. ತುಕ್ಕು ಹಿಡಿದ ಚಾಪ್ಲೆಟ್‌ಗಳನ್ನು ಎಸೆಯಿರಿ, ಚಿಲ್‌ಗಳನ್ನು ಶಾಟ್ ಬ್ಲಾಸ್ಟ್ ಮಾಡಿ (ಉಕ್ಕಿನ ಗುಂಡುಕಣ ಎರಚಿ ಶುಚಿಗೊಳಿಸಿ) ಬೆಚ್ಚಗಿಟ್ಟು ಬಳಸಿ.

ದ್ರವ ಕಬ್ಬಿಣದಲ್ಲಿ ಪೂರ್ತಿ ಮುಳುಗಿದ ಕೋರ್ ತನ್ನ ತೂಕದ ಸುಮಾರು ಮೂರೂವರೆ ಪಟ್ಟು ಬಲದಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ಮೇಲಿನ ಬಾಕ್ಸ್ ಕೂಡ ಹಾಗೆಯೇ ಏಳಲು ನೋಡುತ್ತದೆ. ಪಾರ್ಟಿಂಗ್ ರೇಖೆಯಲ್ಲಿ (ಎರಡು ಬಾಕ್ಸ್‌ಗಳು ಕೂಡುವಲ್ಲಿ) ಎರಕದ ವಿಸ್ತೀರ್ಣ 40 ಸೆಂ.ಮೀ. ಗುಣಿಸು 30 ಸೆಂ.ಮೀ. ಇದ್ದು, ಲೋಹ ಹೊಯ್ಯುವ ಬಟ್ಟಲು ಅದಕ್ಕಿಂತ 15 ಸೆಂ.ಮೀ. ಎತ್ತರದಲ್ಲಿದ್ದು, ಎರಕ ಪೂರ್ತಿ ಕೆಳಗಿನ ಬಾಕ್ಸ್‌ನಲ್ಲಿದೆ ಎಂದುಕೊಳ್ಳೋಣ. 40, 30, 15 ಮತ್ತು ಕಬ್ಬಿಣದ ಸಾಂದ್ರತೆ 7ನ್ನು ಗುಣಿಸಿದರೆ 1,26,000 ಗ್ರಾಂ, ಅಂದರೆ 126 ಕಿಲೋಗ್ರಾಂ ಬಲ ಮೇಲಕ್ಕೆ ಒತ್ತುತ್ತದೆ. ಇದಕ್ಕೆ ಕೋರ್‌ನ ಎತ್ತುಬಲವನ್ನು ಕೂಡಿಸಿ, ಮೇಲಿನ ಬಾಕ್ಸ್‌ನ ತೂಕವನ್ನು ಕಳೆದು, ಉಳಿದದ್ದರ ಒಂದೂವರೆ ಪಟ್ಟು ಭಾರ ಹೇರುವುದು ಅಥವಾ ಕ್ಲ್ಯಾಂಪ್ ಹಾಕುವುದು ಸುರಕ್ಷಿತ. ಕೈಗೆ ಸಿಕ್ಕ ಎರಡು ಹಳೆಯ ಗಟ್ಟಿಗಳನ್ನಿಟ್ಟು ಹೊಯ್ಯುವ ಪದ್ಧತಿಯಿಂದ ಪಾರ್ಟಿಂಗ್‌ನಲ್ಲಿ ಲೋಹ ಸೋರುತ್ತದೆ, ಎರಕದ ದಪ್ಪ ಹೆಚ್ಚುತ್ತದೆ, ಪಕ್ಕದಲ್ಲಿ ನಿಂತವರ ಕಾಲಿಗೂ ಅಪಾಯ.

ರನ್ನರ್ ಮತ್ತು ರೈಸರ್

ಸ್ಪ್ರೂ (ಲೋಹ ಕೆಳಗಿಳಿಯುವ ನಾಳ) ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿರಬೇಕು; ನೇರ ಪೈಪಿನಂಥ ಸ್ಪ್ರೂ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕಬ್ಬಿಣಕ್ಕೆ ರನ್ನರ್‌ನ್ನು (ಲೋಹ ಹರಿಯುವ ಅಡ್ಡ ಕಾಲುವೆ) ಮೇಲಿನ ಬಾಕ್ಸ್‌ನಲ್ಲೂ ಇನ್‌ಗೇಟ್‌ಗಳನ್ನು (ಎರಕದೊಳಗೆ ಲೋಹ ಬಿಡುವ ಬಾಯಿ) ಕೆಳಗಿನ ಬಾಕ್ಸ್‌ನಲ್ಲೂ ಇಟ್ಟರೆ ಸ್ಲ್ಯಾಗ್ ರನ್ನರ್‌ನ ಮಾಡಿಗೆ ತಗುಲಿ ಅಲ್ಲೇ ಉಳಿಯುವ ಸಾಧ್ಯತೆ ಹೆಚ್ಚು. ಕೊನೆಯ ಇನ್‌ಗೇಟ್ ದಾಟಿದ ಮೇಲೂ ರನ್ನರ್ ಸ್ವಲ್ಪ ದೂರ ಮುಂದುವರಿಯಲಿ, ಮೊದಲು ಬರುವ ತಣ್ಣನೆಯ ಮಲಿನ ಲೋಹ ಅಲ್ಲಿ ತಂಗುತ್ತದೆ. ಸಿರಾಮಿಕ್ ಫಿಲ್ಟರ್ ಒಳ್ಳೆಯದೇ, ಆದರೆ ಕೆಟ್ಟ ರನ್ನರ್‌ಗೆ ಅದು ಬದಲಿಯಲ್ಲ.

ರೈಸರ್ ಲೆಕ್ಕಕ್ಕೆ ಮಾಡ್ಯುಲಸ್ ಎಂಬ ಸರಳ ಅಳತೆಯಿದೆ. ಘನಫಲವನ್ನು ತಣಿಯುವ ಮೇಲ್ಮೈಯ ವಿಸ್ತೀರ್ಣದಿಂದ ಭಾಗಿಸಿದರೆ ಅದು ಸಿಗುತ್ತದೆ, ಮತ್ತು ಗಟ್ಟಿಯಾಗುವ ಸಮಯ ಮಾಡ್ಯುಲಸ್‌ನ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಚೋರಿನೋವ್ ನಿಯಮ. 60 ಮಿ.ಮೀ. ಬದಿಯ ಘನಾಕಾರದ ಭಾಗದ ಮಾಡ್ಯುಲಸ್ 10 ಮಿ.ಮೀ. ರೈಸರ್‌ಗೆ ಅದರ 1.2 ಪಟ್ಟು, ಅಂದರೆ 12 ಮಿ.ಮೀ. ಬೇಕು. ವ್ಯಾಸ ಮತ್ತು ಎತ್ತರ ಸಮವಿರುವ ಉರುಟು ರೈಸರ್‌ನ ಮಾಡ್ಯುಲಸ್ ವ್ಯಾಸದ ಆರನೇ ಒಂದು ಭಾಗವಾದ್ದರಿಂದ 72 ಮಿ.ಮೀ. ವ್ಯಾಸದ ರೈಸರ್ ಸಾಕು. ಉಕ್ಕಿನ ಎರಕಕ್ಕೆ ಈ ಲೆಕ್ಕ ಅನಿವಾರ್ಯ. ಗ್ರೇ ಐರನ್‌ನಲ್ಲಿ ಮಾತ್ರ ಗಟ್ಟಿಯಾಗುವಾಗ ಹೊರಬೀಳುವ ಗ್ರಾಫೈಟ್ ಲೋಹವನ್ನು ಉಬ್ಬಿಸುವುದರಿಂದ ಕುಗ್ಗುವಿಕೆಯ ಬಹುಭಾಗ ತಾನಾಗಿಯೇ ತುಂಬಿಕೊಳ್ಳುತ್ತದೆ, ಹಾಗಾಗಿ ಹಲವು ಎರಕಗಳಿಗೆ ಇದಕ್ಕಿಂತ ಚಿಕ್ಕ ರೈಸರ್ ಸಾಕಾಗುತ್ತದೆ.

ಆದರೆ ಮೋಲ್ಡ್ ಮೆತ್ತಗಿದ್ದರೆ ಆ ಉಬ್ಬು ಗೋಡೆಯನ್ನು ಹೊರಕ್ಕೆ ತಳ್ಳುವುದರಲ್ಲೇ ವ್ಯರ್ಥವಾಗಿ, ಎರಕದ ಹೊರಗೆ ಊತವೂ ಒಳಗೆ ಶ್ರಿಂಕೇಜೂ (ಕುಗ್ಗುವಿಕೆಯಿಂದಾದ ಟೊಳ್ಳು) ಒಟ್ಟಿಗೆ ಬರುತ್ತವೆ. ಆದ್ದರಿಂದ ಶ್ರಿಂಕೇಜ್ ಕಂಡಾಗ ರೈಸರ್‌ಗೆ ಕೈ ಹಾಕುವ ಮುನ್ನ ಎರಕವನ್ನು ತೂಗಿ ನೋಡಿ. ಒಂದೇ ಪ್ಯಾಟರ್ನ್‌ನ ಎರಕಗಳಲ್ಲಿ ದೋಷವಿರುವುದು ಒಳ್ಳೆಯದಕ್ಕಿಂತ ಹೆಚ್ಚು ತೂಗಿದರೆ ತಪ್ಪು ಉಸುಕನ್ನು ಬಡಿದು ಗಟ್ಟಿಮಾಡುವ ರ‍್ಯಾಮಿಂಗ್‌ನಲ್ಲಿದೆ. ಮೋಲ್ಡಿನ ಗಡಸುತನ ಬಿ ಮಾಪಕದಲ್ಲಿ 85ಕ್ಕಿಂತ ಮೇಲಿದೆಯೇ ಎಂದು ಪರೀಕ್ಷಿಸಿ, ವಿಶೇಷವಾಗಿ ಬಾಕ್ಸ್‌ನ ಮೂಲೆಗಳಲ್ಲಿ ಮತ್ತು ಆಳದ ನಿಂತ ಗೋಡೆಗಳಲ್ಲಿ.

ಕರಗಿಸುವುದು, ಹೊಯ್ಯುವುದು

ಕೋಕ್ ಉರಿಸುವ ಕ್ಯುಪೋಲಾ ಬಿಟ್ಟು ವಿದ್ಯುತ್ತಿನ ಇಂಡಕ್ಷನ್ ಫರ್ನೇಸ್‌ಗೆ ಬಂದವರಿಗೆ ರಾಸಾಯನಿಕ ಸಂಯೋಜನೆಯ ಮೇಲಿನ ಹಿಡಿತ ಹೆಚ್ಚಿದೆ, ಜೊತೆಗೆ ಒಂದು ಅಪಾಯವೂ ಹೆಚ್ಚಿದೆ. ಒದ್ದೆ ಸ್ಕ್ರ್ಯಾಪ್‌ನ್ನು ದ್ರವ ಲೋಹದೊಳಗೆ ಹಾಕಿದರೆ ಅದರ ನೀರು ಒಮ್ಮೆಲೇ 1,600 ಪಟ್ಟಿಗೂ ಹೆಚ್ಚು ಹಿಗ್ಗಿ ಲೋಹವನ್ನು ಸಿಡಿಸುತ್ತದೆ. ಮಳೆಗಾಲದಲ್ಲಿ ಸ್ಕ್ರ್ಯಾಪ್ ಮಾಡಿನ ಕೆಳಗೇ ಇರಬೇಕು, ಬಾಯಿ ಮುಚ್ಚಿದ ಪೈಪು, ಡಬ್ಬಿ, ಶಾಕ್ ಅಬ್ಸಾರ್ಬರ್‌ಗಳನ್ನು ಬೇರ್ಪಡಿಸಬೇಕು. ಸ್ಕ್ರ್ಯಾಪ್‌ನೊಂದಿಗೆ ಅಲ್ಯೂಮಿನಿಯಂ ಚೂರುಗಳು ಸೇರುವುದನ್ನೂ ತಡೆಯಬೇಕು. ಕಬ್ಬಿಣದಲ್ಲಿ ಅತ್ಯಲ್ಪ ಅಲ್ಯೂಮಿನಿಯಂ ಇದ್ದರೂ ಅದು ಉಸುಕಿನ ತೇವದೊಂದಿಗೆ ವರ್ತಿಸಿ ಹೈಡ್ರೋಜನ್ ಬಿಡುಗಡೆ ಮಾಡಿ ಚರ್ಮದ ಕೆಳಗೇ ಪಿನ್‌ಹೋಲ್‌ಗಳನ್ನು ಎಬ್ಬಿಸುತ್ತದೆ.

ಗ್ರೇ ಐರನ್‌ಗೆ ಕಾರ್ಬನ್ ಈಕ್ವಿವಲೆಂಟ್ (ಸಂಯೋಜನೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಅಳತೆ) ಲೆಕ್ಕ ಹಾಕಲು ಕಾರ್ಬನ್‌ಗೆ ಸಿಲಿಕಾನ್ ಮತ್ತು ರಂಜಕಗಳ ಮೊತ್ತದ ಮೂರನೇ ಒಂದು ಭಾಗವನ್ನು ಕೂಡಿಸಬೇಕು. ಕಾರ್ಬನ್ ಶೇ. 3.4, ಸಿಲಿಕಾನ್ ಶೇ. 2.1, ರಂಜಕ ಶೇ. 0.06 ಇದ್ದರೆ ಉತ್ತರ 4.12. ಇದು 4.3ಕ್ಕೆ ಹತ್ತಿರವಾದಷ್ಟೂ ಲೋಹ ಚೆನ್ನಾಗಿ ಹರಿಯುತ್ತದೆ, ಬಲ ತಗ್ಗುತ್ತದೆ. ಕೆಳಗಿಳಿದಷ್ಟೂ ಬಲ ಏರುತ್ತದೆ, ಕುಗ್ಗುವಿಕೆ ಮತ್ತು ಗಟ್ಟಿ ಅಂಚುಗಳ ಕಾಟ ಹೆಚ್ಚುತ್ತದೆ. ಗ್ರಾಹಕರು ಗ್ರೇ ಐರನ್‌ನ ಭಾರತೀಯ ಮಾನಕವಾದ ಐ.ಎಸ್. 210ರ ಯಾವ ಗ್ರೇಡ್ ಕೇಳಿದ್ದಾರೆ ಎಂಬುದನ್ನು ನೋಡಿಕೊಂಡು ಇದನ್ನು ನಿರ್ಧರಿಸಬೇಕು.

ಟ್ಯಾಪ್ ಮಾಡುವ (ಫರ್ನೇಸ್‌ನಿಂದ ಲೋಹ ತೆಗೆಯುವ) ಮುನ್ನ ಬೆಣೆಯಾಕಾರದ ಚಿಲ್ ಪರೀಕ್ಷೆಯ ತುಂಡೊಂದನ್ನು ಹೊಯ್ದು, ತಣಿಸಿ, ಸುತ್ತಿಗೆಯಿಂದ ಮುರಿದು ನೋಡುವುದು ಸ್ಪೆಕ್ಟ್ರೋಮೀಟರ್ (ಸಂಯೋಜನೆ ಅಳೆಯುವ ಯಂತ್ರ) ಇದ್ದವರೂ ಬಿಡಬಾರದ ಪರೀಕ್ಷೆ. ಮುರಿದ ಮುಖದಲ್ಲಿ ಚೂಪಾದ ತುದಿಯ ಕಡೆ ಬೆಳ್ಳಗೆ ಹೊಳೆಯುವ ಪಟ್ಟಿಯೂ ಅದರ ಹಿಂದೆ ಬೂದು ಬಣ್ಣವೂ ಕಾಣುತ್ತವೆ. ಬಿಳಿ ಪಟ್ಟಿ ಅಗಲವಾಗಿದ್ದರೆ ಎರಕದ ತೆಳು ಅಂಚುಗಳಲ್ಲಿ ಡ್ರಿಲ್ ಕೂರುವುದಿಲ್ಲ. ಆಗ ಲ್ಯಾಡಲ್‌ಗೆ (ಲೋಹ ಹೊಯ್ಯುವ ಪಾತ್ರೆ) ಹಾಕುವ ಫೆರೋಸಿಲಿಕಾನ್ ಇನಾಕ್ಯುಲೆಂಟ್‌ನ (ಬಿಳಿ ಗಡಸು ಭಾಗವನ್ನು ತಡೆಯುವ ಸೇರ್ಪಡೆ) ತೂಕ, ಅದರ ಕಣಗಾತ್ರ, ಅದನ್ನು ಹಾಕಿದ ಮೇಲೆ ಎಷ್ಟು ಹೊತ್ತಿಗೆ ಹೊಯ್ದರು ಎಂಬ ಮೂರನ್ನೂ ನೋಡಬೇಕು. ಹೊತ್ತು ಕಳೆದಂತೆ ಇನಾಕ್ಯುಲೇಶನ್‌ನ ಪರಿಣಾಮ ಕರಗುತ್ತದೆ. ಎಸ್.ಜಿ. ಐರನ್‌ನಲ್ಲಿ ಮ್ಯಾಗ್ನೀಸಿಯಂ ಕೂಡ ಹೀಗೆಯೇ ಕಳೆದುಹೋಗುವುದರಿಂದ ಅದನ್ನು ಸೇರಿಸುವ ಟ್ರೀಟ್‌ಮೆಂಟ್ ಮುಗಿದ ಸುಮಾರು ಹತ್ತು ನಿಮಿಷಗಳಲ್ಲಿ ಕೊನೆಯ ಬಾಕ್ಸ್ ತುಂಬಿರಬೇಕು.

ಫರ್ನೇಸ್‌ನಿಂದ 1,450ರಿಂದ 1,480 ಡಿಗ್ರಿಯಲ್ಲಿ ತೆಗೆದ ಗ್ರೇ ಐರನ್‌ನ್ನು ಸಾಮಾನ್ಯ ದಪ್ಪದ ಎರಕಗಳಿಗೆ 1,350ರಿಂದ 1,400 ಡಿಗ್ರಿಯ ನಡುವೆ ಹೊಯ್ಯಬಹುದು. ತೆಳು ಗೋಡೆಯವುಗಳಿಗೆ ಮೊದಲು, ದಪ್ಪನೆಯವುಗಳಿಗೆ ಕೊನೆಗೆ. ಲ್ಯಾಡಲ್‌ನ ಒಳಪದರವನ್ನು ಕೆಂಪಗೆ ಕಾಯಿಸಿದ್ದರೆ ಮಾತ್ರ ಈ ಅಂಕಿಗಳಿಗೆ ಅರ್ಥವಿದೆ. ಹೊಯ್ಯಲು ಆರಂಭಿಸಿದ ಮೇಲೆ ಬಟ್ಟಲು ಕೊನೆಯವರೆಗೂ ತುಂಬಿರಬೇಕು. ನಡುವೆ ಕೈ ತಡೆದರೆ ಕೋಲ್ಡ್ ಶಟ್ (ಹರಿವುಗಳು ಬೆಸೆಯದ ಗೆರೆ), ಸ್ಲ್ಯಾಗ್ ಎರಡೂ ಬರುತ್ತವೆ.

ದೋಷವನ್ನು ಗುರುತಿಸುವ ಕ್ರಮ

ರಿಜೆಕ್ಟ್ ಆದ ಎರಕವನ್ನು ಶಾಟ್ ಬ್ಲಾಸ್ಟ್ ಮಾಡುವ ಮುನ್ನ ಒಮ್ಮೆ, ಮಾಡಿದ ಮೇಲೆ ಒಮ್ಮೆ ನೋಡಬೇಕು, ಏಕೆಂದರೆ ತೂತಿನೊಳಗಿನ ಉಸುಕು, ಸ್ಲ್ಯಾಗ್ ಮತ್ತು ಬಣ್ಣಗಳೇ ಸಾಕ್ಷಿ, ಬ್ಲಾಸ್ಟಿಂಗ್ ಅವುಗಳನ್ನು ಅಳಿಸಿಹಾಕುತ್ತದೆ. ನಂತರ ದೋಷವಿರುವ ಜಾಗವನ್ನು ಗರಗಸದಿಂದ ಕೊಯ್ದು, ಸಾಧ್ಯವಿದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರದಲ್ಲಿ ಒಳಗೋಡೆಯನ್ನು ನೋಡಿ.

ಹೈಡ್ರಾಲಿಕ್ ವಾಲ್ವ್ ಬಾಡಿಯೊಂದು ಒತ್ತಡದ ಪರೀಕ್ಷೆಯಲ್ಲಿ ಎಣ್ಣೆ ಜಿನುಗಿಸಿತು ಎಂದುಕೊಳ್ಳಿ. ಜಿನುಗಿದ ಬಿಂದುವಿಗೆ ಗುರುತು ಹಾಕಿ ಅಡ್ಡಲಾಗಿ ಕೊಯ್ದಾಗ ಒಳಗೋಡೆ ನುಣುಪಾಗಿ, ಗುಂಡಗೆ, ಹೊಳೆಯುತ್ತಲೋ ನೀಲಿ ಛಾಯೆಯಿಂದಲೋ ಕಂಡರೆ ಅದು ಅನಿಲದ ಬ್ಲೋ ಹೋಲ್. ಗೋಡೆ ಒರಟಾಗಿ, ಜರಿಗಿಡದ ಎಲೆಯಂಥ ಸಣ್ಣ ಹರಳುಗಳ ತುದಿಗಳು ಚಾಚಿಕೊಂಡಿದ್ದು, ಜಾಗವೂ ದಪ್ಪ ಭಾಗದ ನಡುವೆ ಅಥವಾ ಇನ್‌ಗೇಟ್‌ನ ಬುಡದಲ್ಲಿದ್ದರೆ ಅದು ಶ್ರಿಂಕೇಜ್. ತೂತಿನ ಆಕಾರ ಅಂಕುಡೊಂಕಾಗಿದ್ದು ಒಳಗೆ ಗಾಜಿನಂಥ ಚೂರೋ ಕಪ್ಪು ಪೊರೆಯೋ ಸಿಕ್ಕರೆ ಸ್ಲ್ಯಾಗ್. ಕಣಗಳನ್ನು ಸೂಜಿಯಿಂದ ಕೆದರಿ ತೆಗೆಯಲು ಬಂದರೆ ಉಸುಕು. ಈ ನಾಲ್ಕನ್ನು ಬೇರ್ಪಡಿಸಲು ಕಲಿತವರು ಅರ್ಧ ದಾರಿ ಕ್ರಮಿಸಿದಂತೆ.

ಬ್ಲೋ ಹೋಲ್ ಎಂದು ಖಚಿತವಾದ ಮೇಲೆ ಅದು ಎಲ್ಲಿದೆ ಎಂಬುದನ್ನು ನೋಡಿ. ಮೇಲಿನ ಬಾಕ್ಸ್‌ನ ಮುಖದಲ್ಲಿ ಹರಡಿಕೊಂಡಿದ್ದರೆ ಉಸುಕಿನ ತೇವ ಮತ್ತು ಪರ್ಮಿಯಬಿಲಿಟಿ, ಕೋರ್‌ನ ಮೇಲ್ಭಾಗಕ್ಕೆ ಅಂಟಿಕೊಂಡಿದ್ದರೆ ಕೋರ್‌ನ ತೇವ ಮತ್ತು ವೆಂಟ್, ಚಿಲ್ ಅಥವಾ ಚಾಪ್ಲೆಟ್‌ನ ಬಳಿಯಿದ್ದರೆ ಅವುಗಳ ತುಕ್ಕು ಮತ್ತು ನೀರು. ಮಷಿನಿಂಗ್‌ನಲ್ಲಿ ಒಂದೆರಡು ಮಿ.ಮೀ. ತೆಗೆದ ಮೇಲಷ್ಟೇ ಕಾಣುವ ಸಾಸಿವೆಯಷ್ಟು ತೂತುಗಳು ಪಿನ್‌ಹೋಲ್‌ಗಳು. ಅಲ್ಯೂಮಿನಿಯಂ ಬೆರಕೆ, ಒದ್ದೆ ಲ್ಯಾಡಲ್, ರಾಳದ ನೈಟ್ರೋಜನ್ ಇವುಗಳತ್ತ ಗಮನ ಹರಿಸಬೇಕು. ತೂತಿನೊಳಗೆ ಸ್ಲ್ಯಾಗ್ ಕೂಡ ಇದ್ದು ಆ ಎರಕಗಳು ಲ್ಯಾಡಲ್‌ನ ಕೊನೆಯ ಬಾಕ್ಸ್‌ಗಳವೇ ಆಗಿದ್ದರೆ, ಮ್ಯಾಂಗನೀಸ್ ಮತ್ತು ಗಂಧಕ ಹೆಚ್ಚಿರುವ ಲೋಹವನ್ನು ತಣ್ಣಗೆ ಹೊಯ್ದದ್ದು ಕಾರಣ. ಇಲ್ಲಿ ಉಸುಕನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಉಷ್ಣತೆಯನ್ನೇ ಏರಿಸಬೇಕು.

ಎರಡು ಹರಿವುಗಳು ಸೇರುವಲ್ಲಿ ಗುಂಡು ಅಂಚಿನ ಗೆರೆ ಉಳಿದರೆ ಕೋಲ್ಡ್ ಶಟ್, ಅಂಚು ತುಂಬದೆ ಉಳಿದರೆ ಮಿಸ್‌ರನ್. ಉಷ್ಣತೆ, ಹೊಯ್ಯುವ ವೇಗ, ಇನ್‌ಗೇಟ್‌ನ ಜಾಗ ಇವುಗಳ ಪೈಕಿ ಒಂದು ತಪ್ಪಿರುತ್ತದೆ. ಚಪ್ಪಟೆ ಮುಖದ ಮೇಲೆ ಲೋಹದ ಒರಟು ಹಪ್ಪಳಿಕೆ ಎದ್ದು ಅದರ ಕೆಳಗೆ ಉಸುಕಿನ ಪದರ ಸಿಕ್ಕರೆ ಅದು ಸ್ಕ್ಯಾಬ್. ಸಿಲಿಕಾ 573 ಡಿಗ್ರಿಯಲ್ಲಿ ಹರಳಿನ ರೂಪ ಬದಲಿಸಿ ಒಮ್ಮೆಲೇ ಹಿಗ್ಗುವಾಗ ಮೋಲ್ಡಿನ ಚರ್ಮ ಬಾಗಿ ಬಿರಿಯುವುದೇ ಇದಕ್ಕೆ ಮೂಲ. ಕಲ್ಲಿದ್ದಲ ಪುಡಿ ಸಾಕಷ್ಟಿದೆಯೇ, ತೇವ ಹೆಚ್ಚಾಗಿದೆಯೇ ನೋಡಿ, ದೊಡ್ಡ ಚಪ್ಪಟೆ ಮುಖಗಳನ್ನು ಬೇಗ ತುಂಬಿಸಿ. ಉಸುಕು ಲೋಹಕ್ಕೆ ಕಚ್ಚಿಕೊಂಡು ಉಳಿಯಿಂದ ಕೆತ್ತಿದರೂ ಬಿಡದಿದ್ದರೆ ದಪ್ಪ ಕಣ, ಸಡಿಲ ರ‍್ಯಾಮಿಂಗ್, ಅತಿ ಉಷ್ಣತೆ ಇವುಗಳಲ್ಲಿ ಒಂದನ್ನು ಸಂಶಯಿಸಿ. ಪಾರ್ಟಿಂಗ್‌ನಲ್ಲಿ ಮೇಲರ್ಧ ಕೆಳಗರ್ಧಕ್ಕೆ ಹೊಂದದಿದ್ದರೆ ಸವೆದ ಪಿನ್ ಮತ್ತು ಬುಶ್ ಬದಲಿಸಿ. ಇದಕ್ಕೆ ಸಭೆ ಕರೆಯುವ ಅಗತ್ಯವಿಲ್ಲ. ಹೊರಮೈಗೆ ಬಾಯಿ ತೆರೆದ ಬಿರುಕನ್ನು ಬರಿಗಣ್ಣಿಗೆ ಕಾಣದಿದ್ದಾಗ ಡೈ ಪೆನೆಟ್ರೆಂಟ್‌ನಿಂದ ಪತ್ತೆಹಚ್ಚಬಹುದು, ಒಳಗಿನ ಟೊಳ್ಳಿಗೆ ಅಲ್ಟ್ರಾಸಾನಿಕ್ ಅಥವಾ ರೇಡಿಯೋಗ್ರಫಿ ಬೇಕು.

ಅಲ್ಯೂಮಿನಿಯಂ ಹೊಯ್ಯುವವರಿಗೆ ಒಂದು ಮಾತು. ದ್ರವ ಅಲ್ಯೂಮಿನಿಯಂ ಹೀರುವ ಹೈಡ್ರೋಜನ್‌ನ ಬಹುಪಾಲನ್ನು ಗಟ್ಟಿಯಾಗುವಾಗ ಹೊರಗಟ್ಟುವುದರಿಂದ ತೇವದ ದಿನಗಳಲ್ಲಿ ಪಿನ್‌ಹೋಲ್ ಹೆಚ್ಚುತ್ತವೆ. 750 ಡಿಗ್ರಿ ಮೀರಿಸದೆ ಕರಗಿಸುವುದು, ಇಂಗಾಟ್ ಮತ್ತು ಉಪಕರಣಗಳನ್ನು ಬಿಸಿ ಮಾಡಿ ಬಳಸುವುದು, ನೈಟ್ರೋಜನ್ ಅಥವಾ ಆರ್ಗಾನ್ ಹಾಯಿಸಿ ಡಿಗ್ಯಾಸಿಂಗ್ (ಕರಗಿದ ಅನಿಲವನ್ನು ಹೊರತೆಗೆಯುವುದು) ಮಾಡುವುದು ಮುಖ್ಯ.

ದಾಖಲೆ ಮತ್ತು ಟ್ರಯಲ್

ಪ್ರತಿ ಎರಕದ ಮೇಲೆ ದಿನಾಂಕ ಮತ್ತು ಹೀಟ್ ಸಂಖ್ಯೆ ಮೂಡದಿದ್ದರೆ ಮೇಲಿನ ಯಾವ ಕ್ರಮವೂ ಸಾಗುವುದಿಲ್ಲ. ಹೀಟ್ ಪುಸ್ತಕದಲ್ಲಿ ಚಾರ್ಜ್‌ನ ವಿವರ, ಟ್ಯಾಪಿಂಗ್ ಉಷ್ಣತೆ, ಮೊದಲ ಮತ್ತು ಕೊನೆಯ ಬಾಕ್ಸ್‌ನ ಉಷ್ಣತೆ, ಆ ಹೊತ್ತಿನ ಉಸುಕಿನ ತೇವ ಮತ್ತು ಕಾಂಪ್ಯಾಕ್ಟಬಿಲಿಟಿ, ಹೊರಗೆ ಮಳೆಯಿತ್ತೇ ಇಲ್ಲವೇ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ರಿಜೆಕ್ಷನ್ ಪಟ್ಟಿಯಲ್ಲಿ ‘ತೂತು’ ಎಂದು ಬರೆಯುವುದನ್ನು ನಿಲ್ಲಿಸಿ, ದೋಷದ ಜಾತಿ ಮತ್ತು ಜಾಗ ಎರಡನ್ನೂ ಬರೆಯಿರಿ. ಎರಕದ ಚಿತ್ರದ ನಕಲೊಂದರ ಮೇಲೆ ಪ್ರತಿ ದೋಷದ ಜಾಗಕ್ಕೆ ಚುಕ್ಕೆ ಇಡುತ್ತ ಹೋದರೆ ಒಂದು ವಾರದಲ್ಲಿ ಚುಕ್ಕೆಗಳು ಎಲ್ಲಿ ಗುಂಪುಗೂಡುತ್ತವೆ ಎಂಬುದು ತಾನೇ ತಿಳಿಯುತ್ತದೆ.

ಟ್ರಯಲ್ ಮಾಡುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸಿದ ಬಾಕ್ಸ್‌ಗಳನ್ನೂ ಬದಲಿಸದ ಬಾಕ್ಸ್‌ಗಳನ್ನೂ ಒಂದೇ ಹೀಟಿನಿಂದ, ಸರದಿಯಲ್ಲಿ ಒಂದರ ನಂತರ ಒಂದರಂತೆ ಹೊಯ್ಯಬೇಕು, ಇಲ್ಲದಿದ್ದರೆ ಲ್ಯಾಡಲ್ ತಣಿದ ಪರಿಣಾಮವನ್ನು ನಿಮ್ಮ ಬದಲಾವಣೆಯ ಪರಿಣಾಮವೆಂದು ಭ್ರಮಿಸುತ್ತೀರಿ. ನಾಲ್ಕಾರು ಎರಕಗಳಿಂದ ತೀರ್ಮಾನಕ್ಕೆ ಬರಬೇಡಿ. ನೂರಕ್ಕೆ ಐದು ಕೆಡುವ ಕಡೆ ಹತ್ತು ಎರಕ ಚೆನ್ನಾಗಿ ಬಂದರೆ ಅದು ಏನನ್ನೂ ಸಾಬೀತುಪಡಿಸುವುದಿಲ್ಲ.

ಉಳಿಸಿಕೊಳ್ಳಬಹುದಾದ ಎರಕ, ಕರಗಿಸಬೇಕಾದ ಎರಕ

ಮೋಟಾರ್ ಫ್ರೇಮಿನ ಹೊರಮೈಯಲ್ಲಿ ಬಲಕ್ಕೆ ಸಂಬಂಧವಿಲ್ಲದ ಜಾಗದ ಸಣ್ಣ ತೂತನ್ನು ಗ್ರಾಹಕರ ಲಿಖಿತ ಒಪ್ಪಿಗೆಯಿದ್ದರೆ ತುಂಬಬಹುದು. ಗ್ರೇ ಐರನ್‌ನ್ನು ವೆಲ್ಡ್ ಮಾಡುವಾಗ ನಿಕ್ಕಲ್ ಎಲೆಕ್ಟ್ರೋಡ್ ಬಳಸಿದರೂ ಪಕ್ಕದ ಲೋಹ ಗಡುಸಾಗಿ ಬಿರುಕು ಬಿಡುವ ಸಂಭವ ಇದ್ದೇ ಇದೆ. ಅತಿ ಸೂಕ್ಷ್ಮ ರಂಧ್ರಗಳಿಂದ ಜಿನುಗುವ ಎರಕಗಳಿಗೆ ನಿರ್ವಾತದಲ್ಲಿ ರಾಳ ಹೀರಿಸುವ ಇಂಪ್ರೆಗ್ನೇಶನ್ ಉಪಯುಕ್ತ. ಆದರೆ ಹೆಚ್ಚಿನ ಒತ್ತಡ ಹೊರುವ ಹೈಡ್ರಾಲಿಕ್ ಬಾಡಿಯ ಶ್ರಿಂಕೇಜ್‌ನ್ನು ಲೇಪದಿಂದಲೋ ವೆಲ್ಡಿಂಗ್‌ನಿಂದಲೋ ಮರೆಮಾಚುವುದಕ್ಕೆ ನನ್ನ ಪೂರ್ಣ ವಿರೋಧವಿದೆ. ಅದು ಒಡೆಯುವುದು ಗ್ರಾಹಕರ ಯಂತ್ರದ ಮೇಲೆ, ಮನುಷ್ಯರ ಪಕ್ಕದಲ್ಲಿ. ಅಂಥವನ್ನು ಆ ದಿನವೇ ಒಡೆದು ಬೇರೆ ರಾಶಿಗೆ ಹಾಕಿ, ಮೇಲಿನ ಉಸುಕನ್ನು ಟಂಬ್ಲಿಂಗ್ ಅಥವಾ ಶಾಟ್ ಬ್ಲಾಸ್ಟಿಂಗ್‌ನಿಂದ ಪೂರ್ತಿ ತೆಗೆದು ಫರ್ನೇಸ್‌ಗೆ ಮರಳಿಸಬೇಕು. ಉಸುಕು ಅಂಟಿದ ರನ್ನರ್, ರೈಸರ್‌ಗಳನ್ನು ಹಾಗೇ ಹಾಕಿದರೆ ಅದು ಕರಗಿ ಸ್ಲ್ಯಾಗ್ ಆಗುತ್ತದೆ, ವಿದ್ಯುತ್ತನ್ನೂ ತಿನ್ನುತ್ತದೆ, ಮುಂದಿನ ಹೀಟಿನ ಸ್ಲ್ಯಾಗ್ ದೋಷಕ್ಕೆ ಅಲ್ಲಿಂದಲೇ ಆರಂಭ.